ಎರಡೂವರೆ ವರ್ಷದ ಆಳ್ವಿಕೆ, ನಾಲ್ಕು ಶತಮಾನಗಳ ಫಲ

2025ರ ಮೇ ತಿಂಗಳ 8ರ ಸಂಜೆ ಸಿಸ್ಟೈನ್ ಪ್ರಾರ್ಥನಾಲಯದ ಹೊಗೆಗೊಳವೆಯಿಂದ ಬಿಳಿಯ ಹೊಗೆ ಮೇಲೆದ್ದುದನ್ನು ನಮ್ಮ ಕುಟುಂಬಗಳು ದೂರದರ್ಶನದ ಮುಂದೆ ಕುಳಿತು ಕಂಡಿವೆ. ಒಳಗೆ ನಡೆದುದನ್ನು ಮಾತ್ರ ಯಾರೂ ಕಾಣಲಿಲ್ಲ. 133 ಮಂದಿ ಕಾರ್ಡಿನಲರು ಒಬ್ಬೊಬ್ಬರಾಗಿ ಎದ್ದು ಬಂದು, ತಾವು ಬರೆದು ಮಡಚಿದ ಚೀಟಿಯನ್ನು ಮೇಲೆತ್ತಿ ಹಿಡಿದು, ಕ್ರಿಸ್ತ ಪ್ರಭುವನ್ನೇ ಸಾಕ್ಷಿಯಾಗಿಟ್ಟುಕೊಂಡು ಪ್ರಮಾಣ ಮಾಡಿ, ಅದನ್ನು ಪಾತ್ರೆಗೆ ಹಾಕಿದರು. ಮೂರರಲ್ಲಿ ಎರಡು ಪಾಲು ಮತಗಳು ಒಬ್ಬರಿಗೆ ದೊರೆತ ಮೇಲೆ ಚೀಟಿಗಳು ಒಲೆಗೆ ಬಿದ್ದವು. 14ನೇ ಲಿಯೋ ಎಂಬ ಹೆಸರಿನ ಹೊಸ ಜಗದ್ಗುರುಗಳು ಧರ್ಮಸಭೆಗೆ ದೊರೆತರು.

ಈ ಚೀಟಿಯ ಪದ್ಧತಿ ಸಂತ ಪೇತ್ರರ ಕಾಲದಿಂದಲೂ ಹೀಗೆಯೇ ಬಂದಿದೆಯೆಂದು ನಮ್ಮಲ್ಲಿ ಅನೇಕರು ತಿಳಿದಿರುವುದುಂಟು. ಆದರೆ ಅದಕ್ಕೆ ಖಚಿತವಾದ ಕಟ್ಟಳೆಯ ರೂಪ ದೊರೆತುದು 1621ರಲ್ಲಿ. ಅದನ್ನು ವಿಧಿಸಿದವರು 15ನೇ ಗ್ರೆಗರಿ. ಅವರ ಆಳ್ವಿಕೆ ಕೇವಲ 879 ದಿನಗಳದು. ಆಯ್ಕೆಯಾದಾಗಲೇ 67 ವರ್ಷ ದಾಟಿದ್ದ, ದೇಹಸ್ಥಿತಿ ಕುಗ್ಗಿದ್ದ ಈ ವೃದ್ಧರು ಮಾಡಿಹೋದ ಕೆಲಸಗಳ ನೆರಳು ರೋಮಿನಿಂದ ಗೋವಾಕ್ಕೆ, ಗೋವಾದಿಂದ ನಮ್ಮ ಕನ್ನಡ ನಾಡಿನ ಇಗರ್ಜಿಗಳವರೆಗೂ ಚಾಚಿಕೊಂಡಿದೆ. ಈ ವಾರ ಅವರನ್ನು ಓದುಗರಿಗೆ ಪರಿಚಯಿಸಬೇಕೆಂಬುದು ನಮ್ಮ ಬಯಕೆ.

ಬೊಲೊನ್ಯದ ನ್ಯಾಯಶಾಸ್ತ್ರಿ

ಅವರ ಮೊದಲ ಹೆಸರು ಅಲೆಸ್ಸಾಂದ್ರೊ ಲುದೊವಿಸಿ. ಜನನ 1554ರ ಜನವರಿ 9ರಂದು, ಇಟಲಿಯ ಬೊಲೊನ್ಯ ಪಟ್ಟಣದ ಕುಲೀನ ಮನೆತನವೊಂದರಲ್ಲಿ. ಬಾಲ್ಯದಲ್ಲಿ ರೋಮಿಗೆ ಹೋಗಿ ಯೇಸುಸಭೆಯ ಗುರುಗಳ ಬಳಿ ವಿದ್ಯಾಭ್ಯಾಸ ಮಾಡಿದರು. ಯೇಸುಸಭೆಯ ಶಾಲೆಯಲ್ಲಿ ಕಲಿತವರಲ್ಲಿ ಪೋಪ್ ಪದವಿಗೇರಿದ ಮೊದಲಿಗರು ಇವರೇ. ಬಳಿಕ ಊರಿಗೆ ಮರಳಿ ಬೊಲೊನ್ಯ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರವನ್ನು ಓದಿ 1575ರಲ್ಲಿ ಡಾಕ್ಟರ್ ಪದವಿ ಪಡೆದರು. ರೋಮಿನ ಧರ್ಮ ನ್ಯಾಯಾಲಯದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಮೇಲೆ 1612ರಲ್ಲಿ ತಮ್ಮ ಊರಿನ ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡರು.

ವಾದಿ ಪ್ರತಿವಾದಿಗಳಿಬ್ಬರ ಮಾತನ್ನೂ ಸಮಾಧಾನದಿಂದ ಕೇಳಿ ತೀರ್ಪು ಹೇಳುವ ಅಭ್ಯಾಸ ಅವರಿಗೆ ಇನ್ನೊಂದು ಕಡೆಯಲ್ಲಿಯೂ ನೆರವಾಯಿತು. ಸವಾಯ್ ಸಂಸ್ಥಾನದ ಡ್ಯೂಕನಿಗೂ ಸ್ಪೇನಿನ ಅರಸನಿಗೂ ಮೊನ್‌ಫೆರಾತೊ ಪ್ರಾಂತ್ಯದ ವಿಷಯದಲ್ಲಿ ಯುದ್ಧ ನಡೆದಿದ್ದಾಗ 5ನೇ ಪೌಲ್ ಪೋಪರು ಸಂಧಾನಕ್ಕೆ ಕಳುಹಿಸಿದುದು ಲುದೊವಿಸಿಯವರನ್ನು. 1616ರ ಸೆಪ್ಟೆಂಬರಿನಲ್ಲಿ ಅವರಿಗೆ ಕಾರ್ಡಿನಲ್ ಪದವಿ ದೊರೆಯಿತು. ಆ ಮೇಲೆಯೂ ಅವರು ರೋಮಿನ ಗದ್ದಲದಲ್ಲಿ ನೆಲೆನಿಲ್ಲದೆ ಬೊಲೊನ್ಯದಲ್ಲಿ ತಮ್ಮ ಮಂದೆಯ ನಡುವೆಯೇ ಇದ್ದರು.

ಎರಡು ದಿನದ ಚುನಾವಣೆ

1620ರ ನವೆಂಬರ್ 8ರಂದು ಬೊಹೀಮಿಯದ ಶ್ವೇತಪರ್ವತದ ಕದನದಲ್ಲಿ ಕಥೋಲಿಕ ಪಡೆಗಳು ಗೆದ್ದಿದ್ದವು. ಆ ಜಯಕ್ಕಾಗಿ ರೋಮಿನಲ್ಲಿ ನಡೆದ ಕೃತಜ್ಞತೆಯ ಮೆರವಣಿಗೆಯ ವೇಳೆ 5ನೇ ಪೌಲ್ ಪೋಪರಿಗೆ ಪಾರ್ಶ್ವವಾಯು ಬಡಿಯಿತು. 1621ರ ಜನವರಿ 28ರಂದು ಅವರು ದೈವಾಧೀನರಾದರು. ಫೆಬ್ರವರಿ 8ರಂದು ಐವತ್ತಕ್ಕೂ ಹೆಚ್ಚು ಕಾರ್ಡಿನಲರು ಚುನಾವಣೆಗಾಗಿ ವತಿಕಾನಿನಲ್ಲಿ ಒಳಸೇರಿದರು. ಬೊಲೊನ್ಯದಿಂದ ಲುದೊವಿಸಿಯವರೂ ಬಂದಿದ್ದರು.

ಅಂದಿನ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ. ಬರೆದ ಚೀಟಿಗಳ ಮೂಲಕ ಮತ ಹಾಕುವ ಕ್ರಮ ಆಗಲೂ ಇತ್ತು. ಆದರೆ ಅದರ ಪಕ್ಕದಲ್ಲಿ ‘ಆರಾಧನೆ’ ಎಂದು ಕರೆಯಲಾಗುತ್ತಿದ್ದ ಮತ್ತೊಂದು ಕ್ರಮವೂ ನಡೆದುಬಂದಿತ್ತು. ಒಂದು ಪಕ್ಷದ ಮುಖಂಡನಾದ ಕಾರ್ಡಿನಲ್ ತನ್ನವರನ್ನು ಕೂಡಿಸಿಕೊಂಡು ತಮ್ಮ ಅಭ್ಯರ್ಥಿಯನ್ನು ಪ್ರಾರ್ಥನಾಲಯಕ್ಕೆ ಕರೆದೊಯ್ಯುವನು. ಎಲ್ಲರೂ ಅವರ ಮುಂದೆ ಮಂಡಿಯೂರಿ ‘ಇವರೇ ನಮ್ಮ ಪೋಪ್’ ಎಂದು ವಂದಿಸುವರು. ಹೊರಗೆ ಉಳಿದವನ ಪಾಡನ್ನು ಓದುಗರೇ ಊಹಿಸಬಹುದು. ನಾಳೆ ತನ್ನ ಒಡೆಯರಾಗುವವರ ಎದುರಿನಲ್ಲಿ, ನಾಲ್ಕು ಜನ ನೋಡುತ್ತಿರುವಾಗ, ‘ನನಗೆ ಒಪ್ಪಿಗೆಯಿಲ್ಲ’ ಎಂದು ನಿಲ್ಲುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ಮನಸ್ಸು ಒಪ್ಪದವರೂ ಓಡಿ ಬಂದು ಮೊಣಕಾಲೂರುತ್ತಿದ್ದರು.

1621ರಲ್ಲಿ ಮೊದಲ ಸಂಜೆಯೇ ಇಂತಹ ಪ್ರಯತ್ನ ನಡೆಯಿತು. ಗತಿಸಿದ ಪೋಪರ ಸೋದರಳಿಯ ಕಾರ್ಡಿನಲ್ ಶಿಪಿಯೋನೆ ಬೊರ್ಗೇಸೆಯವರ ಹಿಂದೆ ದೊಡ್ಡ ಪಕ್ಷವಿತ್ತು. ಅವರು ಕಾರ್ಡಿನಲ್ ಕಾಂಪೊರಿಯವರನ್ನು ಬೆಳಗಾಗುವುದರೊಳಗೆ ಆರಾಧನೆಯ ಮೂಲಕವೇ ಪೀಠಕ್ಕೇರಿಸಲು ಸಿದ್ಧತೆ ಮಾಡಿಕೊಂಡಿದ್ದರು. ಕಾರ್ಡಿನಲ್ ಒರ್ಸಿನಿಯವರ ಮುಂದಾಳುತನದಲ್ಲಿ ವಿರೋಧಿಗಳು ಒಂದುಗೂಡಿ ಆ ಯೋಜನೆಯನ್ನು ಮುರಿದರು. ಆಗ ಎರಡೂ ಪಕ್ಷಗಳಿಗೆ ಅಸಮ್ಮತವಲ್ಲದ ಹೆಸರಾಗಿ ಮುಂದೆ ಬಂದುದು ಲುದೊವಿಸಿಯವರದು. ಅವರಿಗೆ ಶತ್ರುಗಳು ಇರಲಿಲ್ಲ, ವಯಸ್ಸಾಗಿತ್ತು, ವಿದ್ವತ್ತಿಗೂ ಸೌಮ್ಯತೆಗೂ ಹೆಸರಾಗಿದ್ದರು. ಫೆಬ್ರವರಿ 9ರಂದು ಅವರು ಆಯ್ಕೆಗೊಂಡರು. ಕೌತುಕದ ಸಂಗತಿಯೆಂದರೆ, ಅವರ ಆಯ್ಕೆಯೂ ಅದೇ ಆರಾಧನೆಯ ಕ್ರಮದಿಂದಲೇ ನಡೆಯಿತು. ತಮ್ಮದೇ ಊರಿನವರಾಗಿದ್ದ 13ನೇ ಗ್ರೆಗರಿಯವರ ಹೆಸರನ್ನೇ ಅವರೂ ಧರಿಸಿದರು.

ತನ್ನನ್ನು ಏರಿಸಿದ ಏಣಿಯನ್ನು ತಾನೇ ತಿದ್ದಿದವರು

ಅಧಿಕಾರಕ್ಕೆ ತಂದ ದಾರಿಯನ್ನು ಅಧಿಕಾರಕ್ಕೆ ಬಂದ ಮೇಲೆ ಪ್ರಶ್ನಿಸುವವರು ಲೋಕದಲ್ಲಿ ವಿರಳ. 15ನೇ ಗ್ರೆಗರಿಯವರು ಆ ವಿರಳರ ಸಾಲಿಗೆ ಸೇರಿದವರು. ಚುನಾವಣೆಯಲ್ಲಿ ಮನಸ್ಸಾಕ್ಷಿಗೆ ಬಿಡುಗಡೆ ಬೇಕು, ಅದಕ್ಕಾಗಿ ಮತ ಗುಪ್ತವಾಗಿರಬೇಕು ಎಂದು ಸಂತ ರಾಬರ್ಟ್ ಬೆಲ್ಲರ್ಮಿನ್, ಮಿಲಾನಿನ ಕಾರ್ಡಿನಲ್ ಫೆದೆರಿಗೊ ಬೊರ್ರೊಮೆಯೊ ಮುಂತಾದವರು ಮೊದಲಿನಿಂದಲೂ ವಾದಿಸುತ್ತ ಬಂದಿದ್ದರು. ಬೆಲ್ಲರ್ಮಿನರು ಸೆಪ್ಟೆಂಬರ್ 17ರಂದು ನಿಧನರಾದುದರಿಂದ ಅದರ ಫಲವನ್ನು ಕಾಣಲಿಲ್ಲ. ನವೆಂಬರ್ 15ರಂದು ‘ಎತೆರ್ನಿ ಪಾತ್ರಿಸ್’ ಎಂಬ ಶಾಸನ ಹೊರಬಂತು. ವಿಧಿವಿಧಾನಗಳನ್ನು ವಿವರಿಸುವ ಎರಡನೆಯ ಶಾಸನ 1622ರ ಮಾರ್ಚ್ 12ರಂದು ಅದನ್ನು ಹಿಂಬಾಲಿಸಿತು.

ಕಟ್ಟಳೆಗಳು ಹೀಗಿದ್ದವು: ಚುನಾವಣೆ ಮುಚ್ಚಿದ ಬಾಗಿಲುಗಳ ಒಳಗೆ ನಡೆಯಬೇಕು. ಮತವನ್ನು ಚೀಟಿಯಲ್ಲಿ ಗುಟ್ಟಾಗಿ ಬರೆಯಬೇಕು, ಕೈಬರಹದ ಗುರುತು ಸಿಗದಂತೆ ಎಚ್ಚರ ವಹಿಸಬೇಕು. ಮೂರರಲ್ಲಿ ಎರಡು ಪಾಲು ಮತಗಳು ಬಾರದೆ ಆಯ್ಕೆಯಿಲ್ಲ. ಯಾರೂ ತನಗೆ ತಾನೇ ಮತ ಹಾಕಿಕೊಳ್ಳಬಾರದು. ಈ ಕೊನೆಯ ನಿಯಮವನ್ನು ಪರಿಶೀಲಿಸಲು ಒಂದು ಜಾಣ್ಮೆಯ ಉಪಾಯವಿತ್ತು. ಮತದಾರನ ಹೆಸರು ಚೀಟಿಯ ಮಡಿಕೆಯೊಳಗೆ ಅರಗಿನ ಮುದ್ರೆಯ ಹಿಂದೆ ಅಡಗಿರುತ್ತಿತ್ತು. ಬೇಕಾದಷ್ಟೇ ಮತಗಳು ಬಂದು, ಅಭ್ಯರ್ಥಿಯ ಸ್ವಂತ ಮತವೂ ಅದರಲ್ಲಿ ಸೇರಿದೆಯೇ ಎಂಬ ಸಂದೇಹ ಎದ್ದಾಗ ಮಾತ್ರ ಆ ಮುದ್ರೆಯನ್ನು ಒಡೆಯಲಾಗುತ್ತಿತ್ತು. ಚೀಟಿಗಳನ್ನು ಎಣಿಸಿ, ಅವುಗಳ ಸಂಖ್ಯೆ ಮತದಾರರ ಸಂಖ್ಯೆಗೆ ತಾಳೆಯಾಗಬೇಕಿತ್ತು. ಮುಂಗಡವಾಗಿ ವಚನ ಕೊಡುವುದು, ಒಪ್ಪಂದ ಮಾಡಿಕೊಳ್ಳುವುದು ನಿಷಿದ್ಧವಾಯಿತು.

ಈ ಶಾಸನದಿಂದ ಎಲ್ಲವೂ ಒಂದೇ ದಿನದಲ್ಲಿ ನೇರ್ಪಾಯಿತೆಂದು ನಾವು ಹೇಳಲಾರೆವು. ಸ್ಪೇನ್, ಫ್ರಾನ್ಸ್, ಆಸ್ಟ್ರಿಯಗಳ ಅರಸರು ತಮಗೆ ಹಿಡಿಸದವರನ್ನು ‘ಬೇಡ’ ಎಂದು ತಡೆಯುವ ವಾಡಿಕೆ ಆ ಬಳಿಕವೂ ಉಳಿಯಿತು. 1903ರಲ್ಲಿ ಕೂಡ ಕ್ರಾಕೋವಿನ ಕಾರ್ಡಿನಲ್ ಪುಜಿನಾ ಅವರು ಆಸ್ಟ್ರಿಯದ ಚಕ್ರವರ್ತಿಯ ಹೆಸರಿನಲ್ಲಿ ಕಾರ್ಡಿನಲ್ ರಂಪೊಲ್ಲಾ ಅವರಿಗೆ ಅಡ್ಡಿ ಹಾಕಿದರು. ಆ ಚುನಾವಣೆಯಲ್ಲಿ ಆಯ್ಕೆಯಾದ ಸಂತ 10ನೇ ಭಕ್ತಿನಾಥರು, ಅಂದರೆ 10ನೇ ಪಿಯುಸ್ ಪೋಪರು, ಮರುವರ್ಷವೇ ಆ ಪದ್ಧತಿಯನ್ನು ತೊಡೆದುಹಾಕಿದರು. 1996ರಲ್ಲಿ ಸಂತ 2ನೇ ಜಾನ್ ಪೌಲರು, ಎಲ್ಲರೂ ಒಕ್ಕೊರಲಿನಿಂದ ಘೋಷಿಸಿ ಆರಿಸುವ ಕ್ರಮವನ್ನೂ, ಕೆಲವರಿಗೆ ಆಯ್ಕೆಯ ಅಧಿಕಾರ ವಹಿಸಿಕೊಡುವ ಕ್ರಮವನ್ನೂ ರದ್ದುಪಡಿಸಿದ ಮೇಲೆ ಗ್ರೆಗರಿಯವರ ಗುಪ್ತ ಚೀಟಿಯೊಂದೇ ಏಕೈಕ ಮಾರ್ಗವಾಗಿ ಉಳಿಯಿತು.

ನಮ್ಮ ಇಗರ್ಜಿಗಳಲ್ಲಿ ಪಾಲನಾ ಪರಿಷತ್ತಿಗೂ ವಾರ್ಡುಗಳ ಗುರಿಕಾರರ ಸ್ಥಾನಕ್ಕೂ ಆಯ್ಕೆ ನಡೆಯುವಾಗ ಈ ವಿಷಯವನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು. ಎಲ್ಲರ ಮುಂದೆ ಕೈ ಎತ್ತಿಸಿದಾಗ ಕೈಗಳು ಏಳುತ್ತವೆ, ನಿಜ. ಮನಸ್ಸುಗಳೂ ಎದ್ದವೋ ಇಲ್ಲವೋ ತಿಳಿಯದು. ನೆರೆಮನೆಯವರ ಮುಖ ನೋಡದೆ, ದೇವರ ಮುಖವನ್ನೊಂದೇ ನೋಡಿ ಮತ ಹಾಕುವ ಅವಕಾಶ ಕಾರ್ಡಿನಲರಿಗೆ ಬೇಕಾದಷ್ಟೇ ಬಡ ಒಕ್ಕಲಿಗೂ ಬೇಕು.

ಒಂದೇ ದಿನ ಐವರು ಸಂತರು

1622ರ ಮಾರ್ಚ್ 12 ಮತ್ತೊಂದು ಕಾರಣಕ್ಕೂ ನೆನಪಿನಲ್ಲಿ ಉಳಿದಿದೆ. ಅಂದು ಸಂತ ಪೇತ್ರರ ಮಹಾದೇವಾಲಯದಲ್ಲಿ ಲೊಯೋಲದ ಇಗ್ನಾಸಿ, ಫ್ರಾನ್ಸಿಸ್ ಕ್ಸೇವಿಯರ್, ಆವಿಲದ ತೆರೇಸಾ, ಫಿಲಿಪ್ ನೇರಿ ಹಾಗೂ ಮ್ಯಾಡ್ರಿಡಿನ ರೈತ ಇಸಿದೋರ್ ಈ ಐವರನ್ನು ಗ್ರೆಗರಿಯವರು ಸಂತರೆಂದು ಘೋಷಿಸಿದರು. ಐವರಲ್ಲಿ ನಾಲ್ವರು ಸ್ಪೇನಿನವರು, ಫಿಲಿಪ್ ನೇರಿಯವರೊಬ್ಬರೇ ರೋಮಿನ ಜನರಿಗೆ ಬೇಕಾದವರು. ‘ಇಂದು ನಾಲ್ವರು ಸ್ಪೇನಿಯರಿಗೂ ಒಬ್ಬ ಸಂತರಿಗೂ ಗೌರವ ಸಂದಿತು’ ಎಂದು ರೋಮಿನ ಜನ ನಗೆಯಾಡಿಕೊಂಡರಂತೆ.

ವಿನೋದ ಹಾಗಿರಲಿ, ಆ ಐವರ ಸಾಲನ್ನು ಗಮನಿಸಬೇಕು. ಒಂದು ಸಭೆಯನ್ನೇ ಕಟ್ಟಿದ ಮಾಜಿ ಸೈನಿಕ, ಸಮುದ್ರಗಳನ್ನು ದಾಟಿದ ಪ್ರೇಷಿತ, ಮಠಗಳನ್ನು ಸುಧಾರಿಸಿದ ಧ್ಯಾನಯೋಗಿನಿ, ಬೀದಿಯ ಹುಡುಗರೊಡನೆ ನಕ್ಕು ನಲಿದು ಅವರನ್ನು ದೇವರ ಕಡೆಗೆ ತಿರುಗಿಸಿದ ಯಾಜಕ. ಇವರ ಜೊತೆಗೆ ಅನ್ಯರ ಹೊಲದಲ್ಲಿ ಉತ್ತು ಬೆವರು ಸುರಿಸಿದ ಕೂಲಿಯಾಳು. ಇಸಿದೋರರು ಗ್ರಂಥ ಬರೆದವರಲ್ಲ, ಸಭೆ ಕಟ್ಟಿದವರಲ್ಲ. ನೇಗಿಲು ಹಿಡಿದವರಿಗೂ ಪವಿತ್ರ ಪೀಠದ ಮೇಲೆ ಸ್ಥಾನವುಂಟೆಂಬ ಸಂದೇಶವನ್ನು ಒಕ್ಕಲುತನದ ಮನೆಗಳಿಂದ ಬಂದ ನಾವು ಮರೆಯುವಂತಿಲ್ಲ.

ಗೋವಾದಲ್ಲಿ ಪವಿತ್ರ ದೇಹವಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರಂತೂ ನಮ್ಮ ಮನೆಮನೆಯ ಸಂತರು. ಮಾರ್ಚ್ 4ರಿಂದ 12ರವರೆಗೆ ಅವರ ಕೃಪಾ ನೊವೆನಾ ನಡೆಸುವ ವಾಡಿಕೆ ಹಲವೆಡೆ ಇದೆ. ಅದು 12ಕ್ಕೆ ಮುಗಿಯುವುದು ಈ ಸಂತ ಪದವಿಯ ದಿನವನ್ನು ಲಕ್ಷ್ಯದಲ್ಲಿಟ್ಟುಕೊಂಡೇ. ಇಗ್ನಾಸಿ ಮತ್ತು ಕ್ಸೇವಿಯರರ ಸಂತ ಪದವಿಯ ಶಾಸನ ಮಾತ್ರ ಗ್ರೆಗರಿಯವರ ಕೈಯಿಂದ ಹೊರಡಲಿಲ್ಲ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಮುಂದಿನ ಪೋಪ್ 8ನೇ ಉರ್ಬಾನರು ಅದನ್ನು ಪ್ರಕಟಿಸಿದರು.

ಮೂರು ರಾಯರ ಹಬ್ಬದಂದು ಹುಟ್ಟಿದ ಸಂಸ್ಥೆ

1622ರ ಜನವರಿ 6. ಪೂರ್ವ ದಿಕ್ಕಿನ ಜ್ಞಾನಿಗಳು ಬೆತ್ಲೆಹೇಮಿಗೆ ಬಂದುದನ್ನು ಸ್ಮರಿಸುವ ಮೂರು ರಾಯರ ಹಬ್ಬ. ಅಂದು ಗ್ರೆಗರಿಯವರು 13 ಮಂದಿ ಕಾರ್ಡಿನಲರ ಒಂದು ಮಂಡಲಿಯನ್ನು ನೇಮಿಸಿ, ಲೋಕದಾದ್ಯಂತ ಧರ್ಮಪ್ರಸಾರದ ಹೊಣೆಯನ್ನು ಅದಕ್ಕೆ ವಹಿಸಿದರು. ಅದೇ ವರ್ಷ ಜೂನ್ 22ರಂದು ಅದಕ್ಕೆ ಶಾಸನದ ಮುದ್ರೆ ಬಿತ್ತು. ‘ಪ್ರೊಪಗಾಂಡ ಫೀದೆ’ ಎಂದು ನಮ್ಮ ಹಿರಿಯರು ಕರೆಯುತ್ತಿದ್ದುದು ಇದನ್ನೇ. ಜೆರೊಲಾಮೊ ದಾ ನಾರ್ನಿ ಎಂಬ ಕಪುಚಿನ್ ಪ್ರಭಾಷಣಕಾರರೂ ಕಾರ್ಮೆಲ್ ಸಭೆಯ ಕೆಲವು ಗುರುಗಳೂ ಇಂತಹ ಸಂಸ್ಥೆಯೊಂದಕ್ಕಾಗಿ ಬಹಳವಾಗಿ ಒತ್ತಾಯಿಸಿದ್ದರು. ಹೊಸ ಕಾರ್ಡಿನಲರು ತಮ್ಮ ಉಂಗುರಕ್ಕಾಗಿ ತೆರುವ ಹಣ ಈ ಸಂಸ್ಥೆಯ ಖರ್ಚಿಗೆ ಸಲ್ಲತಕ್ಕದ್ದೆಂದು ವಿಧಿಸಲಾಯಿತು.

ಇದರ ಅಗತ್ಯವೇನಿತ್ತು ಎಂದು ಓದುಗರು ಕೇಳಬಹುದು. ಅಲ್ಲಿಯವರೆಗೆ ದೂರ ದೇಶಗಳಲ್ಲಿ ಧರ್ಮಪ್ರಸಾರ ನಡೆಯುತ್ತಿದ್ದುದು ಪೋರ್ಚುಗಲ್ ಹಾಗೂ ಸ್ಪೇನ್ ಅರಸರ ಆಶ್ರಯದಲ್ಲಿ. ಯಾಜಕರ ಪ್ರಯಾಣಕ್ಕೆ ಹಡಗು, ಇಗರ್ಜಿ ಕಟ್ಟಲು ಹಣ ಅರಸನದು. ಬಿಷಪರ ಹೆಸರನ್ನು ಸೂಚಿಸುವ ಹಕ್ಕೂ ಅರಸನದೇ. ‘ಪದ್ರುವಾದೊ’ ಎಂಬ ಈ ಏರ್ಪಾಡಿನಿಂದ ಆರಂಭದಲ್ಲಿ ಉಪಕಾರವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಲಕ್ರಮದಲ್ಲಿ ಶುಭಸಂದೇಶವೂ ಸಾಮ್ರಾಜ್ಯವೂ ಒಂದೇ ಹಡಗಿನಿಂದ ಇಳಿಯುವುದನ್ನು ಕಂಡ ಜನರಿಗೆ ಯೇಸುಸ್ವಾಮಿ ಯಾರು, ಅರಸ ಯಾರು ಎಂಬ ಭೇದವೇ ತೋರದಂತಾಯಿತು. ಧರ್ಮಪ್ರಸಾರ ಅರಸರ ಕೈಯಿಂದ ಧರ್ಮಸಭೆಯ ಕೈಗೆ ಮರಳಬೇಕೆಂಬುದೇ ಹೊಸ ಸಂಸ್ಥೆಯ ಉದ್ದೇಶವಾಗಿತ್ತು.

ಅದರ ಮೊದಲ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೊಲಿ. 1622ರಿಂದ 1649ರವರೆಗೆ ಆ ಕುರ್ಚಿಯಲ್ಲಿ ಕುಳಿತು ಲೋಕದ ಮೂಲೆಮೂಲೆಗಳಿಂದ ವರದಿಗಳನ್ನು ತರಿಸಿ ಓದಿದ ಈ ಯಾಜಕರು ಒಂದು ತೀರ್ಮಾನಕ್ಕೆ ಬಂದಿದ್ದರು. ಆಯಾ ದೇಶದ ಮಕ್ಕಳೇ ಆಯಾ ದೇಶದ ಯಾಜಕರೂ ಬಿಷಪರೂ ಆಗದ ಹೊರತು ಕ್ರೈಸ್ತ ಧರ್ಮ ಅಲ್ಲಿ ಬೇರು ಬಿಡದು ಎಂಬುದೇ ಆ ತೀರ್ಮಾನ. ಮುಂದೆ 1627ರಲ್ಲಿ, ವಿವಿಧ ದೇಶಗಳ ಯುವಕರಿಗೆ ಯಾಜಕ ಶಿಕ್ಷಣ ನೀಡಲು ರೋಮಿನಲ್ಲಿ ಉರ್ಬಾನ್ ವಿದ್ಯಾಲಯ ಸ್ಥಾಪನೆಯಾಯಿತು.

ನಮ್ಮ ನಾಡಿಗೆ ತಲುಪಿದ ಫಲ

ಇಂಗೊಲಿಯವರ ಮಾತು ಕಾಗದದಲ್ಲಿಯೇ ಉಳಿಯಲಿಲ್ಲ. ಗೋವಾದ ದಿವಾಡಿ ದ್ವೀಪದಲ್ಲಿ ಹುಟ್ಟಿದ ಮಥೇವುಸ್ ದೆ ಕಾಸ್ತ್ರೊ ಎಂಬ ಯುವಕನಿಗೆ ಊರಿನಲ್ಲಿ ಯಾಜಕ ದೀಕ್ಷೆ ದೊರೆಯಲಿಲ್ಲ. ಆತ ರೋಮಿಗೆ ಹೋದ. ಅಲ್ಲಿ ಓದಿ, ಯಾಜಕನಾಗಿ, 1637ರಲ್ಲಿ ಬಿಷಪ್ ದೀಕ್ಷೆಯನ್ನು ಪಡೆದು, ಆದಿಲ್‌ಶಾಹಿಗಳ ಬಿಜಾಪುರ ರಾಜ್ಯಕ್ಕೆ ಪೋಪರ ಪ್ರತಿನಿಧಿ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಲತೀನ್ ವಿಧಿಯ ಮೊದಲ ಭಾರತೀಯ ಬಿಷಪರಿಗೆ ವಹಿಸಲಾದ ಸೀಮೆಯಲ್ಲಿ ಇಂದಿನ ಉತ್ತರ ಕರ್ನಾಟಕದ ಭಾಗವೂ ಸೇರಿತ್ತೆಂಬುದು ಹೆಮ್ಮೆಯ ಸಂಗತಿ. ಅವರ ಸೋದರಳಿಯ ಥೋಮಸ್ ದೆ ಕಾಸ್ತ್ರೊ ಅವರನ್ನು ಅದೇ ಪ್ರೊಪಗಾಂಡ ಸಂಸ್ಥೆ ಕೆನರಾ ಸೀಮೆಗೆ ಕಳುಹಿಸಿತು.

ಇಲ್ಲಿ ಹೂವಿನ ಜೊತೆಗೆ ಮುಳ್ಳೂ ಬಂತು. ರೋಮಿನಿಂದ ಬಂದ ಬಿಷಪರನ್ನು ಒಪ್ಪುವುದೋ, ಪದ್ರುವಾದೊ ಪ್ರಕಾರ ಗೋವಾದ ಆರ್ಚ್‌ಬಿಷಪರ ಮಾತನ್ನು ಕೇಳುವುದೋ ಎಂದು ಕರಾವಳಿಯ ಕ್ರೈಸ್ತರು ಎರಡು ಪಾಲಾದರು. 1681ರಲ್ಲಿ ಗೋವಾದಿಂದ ಕೆನರಾಕ್ಕೆ ಬಂದ ವಂದನೀಯ ಜೋಸೆಫ್ ವಾಜರು ಈ ಒಡಕಿನ ನಡುವೆ ನಿಂತು, ಥೋಮಸ್ ದೆ ಕಾಸ್ತ್ರೊ ಅವರೊಡನೆ ಮಾತನಾಡಿ ಸಮಾಧಾನಕ್ಕಾಗಿ ಶ್ರಮಿಸಿದುದು ನಮ್ಮ ಪ್ರಾಂತ್ಯದ ಚರಿತ್ರೆಯ ಉಜ್ವಲ ಪುಟ. ಮುಡಿಪು ಬೆಟ್ಟಕ್ಕೆ ಇಂದಿಗೂ ಯಾತ್ರೆ ಹೋಗುವ ಭಕ್ತರಿಗೆ ಈ ಮಹಾತ್ಮರ ಪರಿಚಯವಿದೆ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರಿಗೆ ಸಂತ ಪದವಿಯನ್ನು ನೀಡಿದರು. ಎರಡು ಅಧಿಕಾರಗಳ ಜಗಳ ಮಾತ್ರ 19ನೇ ಶತಮಾನದವರೆಗೂ ಬೇರೆ ಬೇರೆ ರೂಪದಲ್ಲಿ ನಡೆದೇ ಇತ್ತು. 1886ರಲ್ಲಿ ಮಂಗಳೂರು ಪೂರ್ಣಪ್ರಮಾಣದ ಧರ್ಮಪ್ರಾಂತ್ಯವಾಯಿತು.

ಜನಿವಾರ, ಶ್ರೀಗಂಧ ಮತ್ತು ಒಂದು ಎಚ್ಚರಿಕೆಯ ಮಾತು

ಗ್ರೆಗರಿಯವರ ಮೇಜಿನ ಮೇಲೆ ಭಾರತದಿಂದ ಬಂದ ಒಂದು ವ್ಯಾಜ್ಯವೂ ಇತ್ತು. ಯೇಸುಸಭೆಯ ರಾಬರ್ಟ್ ದೆ ನೊಬಿಲಿಯವರು 1606ರಲ್ಲಿ ಮಧುರೆಗೆ ಬಂದು, ಕಾವಿ ಉಟ್ಟು, ಸಸ್ಯಾಹಾರಿಯಾಗಿ, ತಮಿಳು ಸಂಸ್ಕೃತಗಳನ್ನು ಕಲಿತು, ಸಂನ್ಯಾಸಿಯ ಬಾಳನ್ನು ಬಾಳತೊಡಗಿದ್ದರು. ಕ್ರೈಸ್ತರಾದವರು ಜನಿವಾರ, ಜುಟ್ಟು, ಗಂಧದ ಬೊಟ್ಟು, ಸ್ನಾನದ ನಿಯಮಗಳನ್ನು ತೊರೆಯಬೇಕಿಲ್ಲ, ಅವು ಕುಲದ ಗುರುತುಗಳು ಮಾತ್ರ ಎಂಬುದು ಅವರ ನಿಲುವು. ಅವು ಅನ್ಯಧರ್ಮದ ಆಚಾರಗಳೇ ಎಂದು ಇತರರು ಆಕ್ಷೇಪಿಸಿದರು. 1619ರಲ್ಲಿ ಗೋವಾದಲ್ಲಿ ಈ ಕುರಿತು ವಿಚಾರಣೆ ನಡೆದು, ವಿಷಯ ರೋಮಿಗೆ ಹೋಯಿತು.

1623ರ ಜನವರಿ 31ರಂದು ಗ್ರೆಗರಿಯವರು ತೀರ್ಪು ಕೊಟ್ಟರು. ಮೂಢನಂಬಿಕೆಯ ಅಂಶವನ್ನು ಬಿಟ್ಟುಬಿಟ್ಟರೆ, ಮುಂದಿನ ವಿಚಾರಣೆಯವರೆಗೆ, ಈ ಗುರುತುಗಳನ್ನು ಇಟ್ಟುಕೊಳ್ಳಬಹುದು ಎಂಬುದು ಅದರ ಸಾರ. ನ್ಯಾಯಶಾಸ್ತ್ರಿಯ ಸಮತೂಕ ಇಲ್ಲಿ ಎದ್ದು ತೋರುತ್ತದೆ. ಇದೇ ದಾರಿಯನ್ನು ಹಿಡಿದು 1648ರ ಸುಮಾರಿಗೆ ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಯೇಸುಸಭೆಯ ಗುರುಗಳು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ತಳಹದಿ ಹಾಕಿದರು. ಅವರೂ ಸಂನ್ಯಾಸಿಯ ಉಡುಪನ್ನು ಧರಿಸಿದರು, ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಧರ್ಮಬೋಧೆಯ ಗ್ರಂಥಗಳನ್ನು ರಚಿಸಿದರು.

ಆದರೆ ಆ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು. ಅದನ್ನು ನಾವು ಜನಿವಾರದ ವಿಷಯದಷ್ಟು ನೆನಪಿಟ್ಟುಕೊಂಡಿಲ್ಲ. ಕುಲದ ಹಿರಿಮೆಯುಳ್ಳವರು ತಮಗಿಂತ ಕೆಳಗಿನವರೆಂದು ಎಣಿಸಲಾದವರನ್ನು, ವಿಶೇಷವಾಗಿ ದೇವಾಲಯದಲ್ಲಿ, ತಿರಸ್ಕಾರದಿಂದ ಕಾಣಬಾರದೆಂದು ಪೋಪರು ಕಳಕಳಿಯಿಂದ ಕೇಳಿಕೊಂಡಿದ್ದರು. ಅನುಮತಿಯ ಭಾಗ ಬೇಗನೆ ಆಚರಣೆಗೆ ಬಂತು. ಬಿನ್ನಹದ ಭಾಗ ಹಾಗೆಯೇ ಉಳಿಯಿತು. ದಕ್ಷಿಣ ಭಾರತದ ಎಷ್ಟೋ ಇಗರ್ಜಿಗಳಲ್ಲಿ ಕುಲಕ್ಕೊಂದು ಕಡೆ ಕುಳಿತುಕೊಳ್ಳುವ ಸಂಪ್ರದಾಯ ಶತಮಾನಗಳ ಕಾಲ ನಡೆದುಬಂತು. ಸಮಾಧಿಭೂಮಿಯಲ್ಲಿಯೂ ಗೆರೆ ಎಳೆದ ಊರುಗಳಿದ್ದವು. ಕೂಡಿ ಕುಳಿತರೂ ಮದುವೆಯ ಮಾತು ಬಂದಾಗ ‘ಮೂಲ ಯಾವುದು’ ಎಂದು ಮೆಲ್ಲಗೆ ವಿಚಾರಿಸುವ ವಾಡಿಕೆ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಪೂರ್ತಿಯಾಗಿ ಅಳಿದಿದೆಯೆಂದು ಎದೆ ತಟ್ಟಿ ಹೇಳಬಲ್ಲವರು ಎಷ್ಟು ಮಂದಿ? ಒಂದೇ ದೀಕ್ಷಾಸ್ನಾನದ ನೀರು, ಒಂದೇ ಪರಮ ಪ್ರಸಾದ ನಮ್ಮೆಲ್ಲರದು. ನಾನೂರು ವರ್ಷಗಳ ಹಿಂದೆ ಬಂದ ಆ ಬಿನ್ನಹಕ್ಕೆ ನಾವು ಇನ್ನೂ ಪೂರ್ಣ ಉತ್ತರವನ್ನು ಬರೆದಿಲ್ಲ.

ಚಂದ್ರನಲ್ಲಿಯೂ ಕಲೆಯುಂಟು

ಗ್ರೆಗರಿಯವರನ್ನು ನಿರ್ದೋಷಿಯೆಂದು ಚಿತ್ರಿಸುವುದು ಚರಿತ್ರೆಗೆ ಮಾಡುವ ಅಪಚಾರ. ಪಟ್ಟಕ್ಕೆ ಬಂದ ಒಂದು ವಾರದೊಳಗೆ ಅವರು ತಮ್ಮ ಸೋದರಳಿಯ, 25 ವರ್ಷದ ಲುದೊವಿಕೊ ಲುದೊವಿಸಿಯವರನ್ನು ಕಾರ್ಡಿನಲ್ ಮಾಡಿದರು. ಸೋದರ ಒರಾಸಿಯೊ ಪೋಪರ ಸೇನೆಯ ಮುಖ್ಯಸ್ಥರಾದರು. ಎರಡೂವರೆ ವರ್ಷದ ಒಳಗೆ ಆ ಮನೆತನಕ್ಕೆ ಭೂಮಿಕಾಣಿ, ಸಂಸ್ಥಾನ, ರೋಮಿನಲ್ಲಿ ವಿಶಾಲವಾದ ಉದ್ಯಾನದ ಅರಮನೆ ಎಲ್ಲವೂ ಒದಗಿದವು. ಚುನಾವಣೆಯಲ್ಲಿ ಮುಖದಾಕ್ಷಿಣ್ಯ ಬೇಡವೆಂದವರೇ ನೇಮಕಾತಿಯಲ್ಲಿ ರಕ್ತಸಂಬಂಧಕ್ಕೆ ಮಣಿದರು. ಲುದೊವಿಕೊ ಅವರು ಚತುರರೂ ಶ್ರಮಜೀವಿಗಳೂ ಆಗಿದ್ದರು, ವೃದ್ಧ ಪೋಪರ ಬಹುಪಾಲು ಕೆಲಸಗಳನ್ನು ನಡೆಸಿಕೊಟ್ಟವರು ಅವರೇ ಎಂಬುದು ನಿಜ. ಆದರೂ ಆ ಸಂಪತ್ತು ಧರ್ಮಸಭೆಯದಾಗಿತ್ತು ಎಂಬ ಮಾತು ಅಳಿಯುವುದಿಲ್ಲ.

ಜರ್ಮನಿಯ ಧಾರ್ಮಿಕ ಯುದ್ಧಕ್ಕೆ ಅವರು ಚಕ್ರವರ್ತಿಗೂ ಕಥೋಲಿಕ ಒಕ್ಕೂಟಕ್ಕೂ ಧಾರಾಳವಾಗಿ ಹಣ ಒದಗಿಸಿದರು. 1622ರಲ್ಲಿ ಹೈಡೆಲ್‌ಬರ್ಗ್ ನಗರ ಬಿದ್ದಾಗ, ಅಲ್ಲಿಯ ಹೆಸರಾಂತ ಗ್ರಂಥಾಲಯವನ್ನು ಬವೇರಿಯದ ಮ್ಯಾಕ್ಸಿಮಿಲಿಯನ್ ಪೋಪರಿಗೆ ಕಾಣಿಕೆಯಾಗಿ ಅರ್ಪಿಸಿದ. ಸಾವಿರಾರು ಹಸ್ತಪ್ರತಿಗಳು ಹೇಸರಗತ್ತೆಗಳ ಬೆನ್ನೇರಿ ಆಲ್ಪ್ಸ್ ಪರ್ವತವನ್ನು ದಾಟಿ ರೋಮಿಗೆ ಬಂದವು. ಅವುಗಳಲ್ಲಿ 847 ಜರ್ಮನ್ ಹಸ್ತಪ್ರತಿಗಳನ್ನು 1816ರಲ್ಲಿ ಹೈಡೆಲ್‌ಬರ್ಗಿಗೆ ಹಿಂದಿರುಗಿಸಲಾಯಿತು.

ಸಂತ ಇಗ್ನಾಸಿಯವರ ನೆರಳಿನಲ್ಲಿ

1623ರ ಜುಲೈ 8ರಂದು ರೋಮಿನ ಕ್ವಿರಿನಾಲ್ ಅರಮನೆಯಲ್ಲಿ 15ನೇ ಗ್ರೆಗರಿಯವರು ಕೊನೆಯುಸಿರೆಳೆದರು. ಅವರ ಬಳಿಕ ನಡೆದ ಚುನಾವಣೆಯೇ ಅವರ ಹೊಸ ಕಟ್ಟಳೆಯ ಮೊದಲ ಪರೀಕ್ಷೆ. ಆಗಸ್ಟ್ 6ರಂದು 8ನೇ ಉರ್ಬಾನರು ಗುಪ್ತ ಚೀಟಿಗಳ ಮೂಲಕ ಆಯ್ಕೆಗೊಂಡರು.

ತಾವು ಸಂತರೆಂದು ಘೋಷಿಸಿದ ಇಗ್ನಾಸಿಯವರ ಹೆಸರಿನಲ್ಲಿ ಲುದೊವಿಕೊ ಅವರು ರೋಮಿನಲ್ಲಿ ಕಟ್ಟಿಸತೊಡಗಿದ ಮಹಾದೇವಾಲಯದಲ್ಲಿ ಗ್ರೆಗರಿಯವರ ಸಮಾಧಿಯಿದೆ. ಸೋದರಳಿಯನ ಸಮಾಧಿಯೂ ಅಲ್ಲಿಯೇ. ಸಂತ ಬೆಲ್ಲರ್ಮಿನರ ಪವಿತ್ರ ಅವಶೇಷವನ್ನು 1923ರಲ್ಲಿ ಅದೇ ದೇವಾಲಯಕ್ಕೆ ತರಲಾಯಿತು. 1880ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕಾಲೇಜು ಯಾರ ಹೆಸರನ್ನು ಹೊತ್ತಿದೆಯೋ ಆ ಸಂತ ಅಲೋಶಿಯಸ್ ಗೊನ್ಜಾಗರೂ ವಿಶ್ರಮಿಸುತ್ತಿರುವುದು ಅಲ್ಲಿಯೇ. ರೋಮಿಗೆ ಯಾತ್ರೆ ಹೋಗುವ ನಮ್ಮವರು ಆ ದೇವಾಲಯದ ಛಾವಣಿಯ ವರ್ಣಚಿತ್ರಗಳನ್ನು ಕತ್ತೆತ್ತಿ ನೋಡಿ ಬೆರಗಾಗುತ್ತಾರೆ. ಅದರ ಜೊತೆಗೆ ಗ್ರೆಗರಿಯವರ ಸಮಾಧಿಯ ಮುಂದೆಯೂ ಒಂದು ಕ್ಷಣ ನಿಂತು ಪ್ರಾರ್ಥಿಸಬೇಕೆಂದು ನಾವು ಕೋರುತ್ತೇವೆ.

ಅವರು ನೆಟ್ಟ ಪ್ರೊಪಗಾಂಡ ಸಂಸ್ಥೆ 1967ರಲ್ಲಿ ಜನಾಂಗಗಳ ಶುಭಸಂದೇಶ ಪ್ರಸಾರ ಮಂಡಲಿ ಎಂಬ ಹೆಸರನ್ನು ಪಡೆಯಿತು. ತನ್ನ ನಾನೂರನೆಯ ವರ್ಷವಾದ 2022ರಲ್ಲಿ ಅದು ಪೋಪರೇ ನೇರವಾಗಿ ಮುಖ್ಯಸ್ಥರಾಗಿರುವ ಶುಭಸಂದೇಶ ಪ್ರಸಾರ ವಿಭಾಗದಲ್ಲಿ ವಿಲೀನವಾಯಿತು. ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಮ್ಮ ಇಗರ್ಜಿಗಳಲ್ಲಿ ಕಾಣಿಕೆ ಡಬ್ಬಿ ಸುತ್ತುತ್ತದೆ. ಹರಾಜಿಗೆ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿಗಳು ಬರುತ್ತವೆ. ಒಂದು ಕಾಲಕ್ಕೆ ಕಾರ್ಡಿನಲರ ಉಂಗುರದ ಹಣದಿಂದ ನಡೆದ ಕಾರ್ಯಕ್ಕೆ ಇಂದು ನಮ್ಮ ಹಿತ್ತಿಲ ಫಲವೂ ಸಲ್ಲುತ್ತಿದೆ. ಹಿಂದೆ ಮಿಷನರಿಗಳನ್ನು ಬರಮಾಡಿಕೊಂಡ ನಮ್ಮ ಮನೆಗಳಿಂದಲೇ ಇಂದು ಯಾಜಕರೂ ಧರ್ಮಭಗಿನಿಯರೂ ದೂರದ ದೇಶಗಳಿಗೆ ಹೊರಟು ನಿಲ್ಲುತ್ತಿದ್ದಾರೆ.

ಮುಂದಿನ ಮಿಷನ್ ಭಾನುವಾರ ಮಕ್ಕಳ ಕೈಗೆ ಕಾಣಿಕೆಯ ನಾಣ್ಯವನ್ನು ಕೊಡುವಾಗ ಈ ವೃದ್ಧ ಪೋಪರ ಕಥೆಯನ್ನೂ ಎರಡು ಮಾತಿನಲ್ಲಿ ತಿಳಿಸಿರಿ. ಹಾಗೆಯೇ ಬಲಿಪೂಜೆಗೆ ಹೋದಾಗ, ಇಷ್ಟು ದಿನ ಯಾರ ಪಕ್ಕದಲ್ಲಿ ಕುಳಿತಿಲ್ಲವೋ ಅವರ ಪಕ್ಕದಲ್ಲಿ ಒಮ್ಮೆ ಕುಳಿತು ನೋಡಿರಿ.